ಎಡಕ್ಕೆ ವಾಲಿದ ಗಾಡಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ಮಾರ್ಚ್ ಒಂಬತ್ತರಂದು ರಾಯಚೂರಿನ ನಿಮ್ಮ ವರ್ಕ್‌ಶಾಪಿನಲ್ಲಿ, ಹತ್ತು ಗಿರಾಕಿಗಳೆದುರು, ನನ್ನ ಚಾಲಕ ಸಂಜೀವನ ಮೇಲೆ ಸುಳ್ಳು ಆರೋಪ ಹೊರಿಸಿದಿರಿ. ಅವನು ಕದ್ದುಮುಚ್ಚಿ ಹತ್ತಿ ಚೀಲ ಹೇರಿದ್ದಕ್ಕೇ ಜೀಪು ಹಿಂದೆ ಎಡಕ್ಕೆ ವಾಲಿದೆ ಎಂದಿರಿ. "ಒಂದ್ ಚೀಲಾನೂ ಹಾಕಿಲ್ರೀ, ಡಾಕ್ಟ್ರಮ್ಮ" ಎಂದ. ಹನ್ನೊಂದು ವರ್ಷ ಜೊತೆಗಿದ್ದವನನ್ನು ನಿಮ್ಮ ಮಾತು ನಂಬಿ ಕೆಲಸದಿಂದ ಬಿಡಿಸಿದೆ.

ನಿನ್ನೆ ಗಬ್ಬೂರಿನ ಪಂಕ್ಚರ್ ಅಂಗಡಿಯ ಉರುಕುಂದಪ್ಪ, "ಖಾಲಿ ಗಾಡಿನೂ ಕುಂದ್ರತದ ಅಂದ್ರ ಗಾಳಿ ಹೊಂಟದರೀ" ಎಂದು ಹಿಂದೆ ಎಡಗಡೆ ಸ್ಪ್ರಿಂಗಿನ ಬದಲು ಗಾಡಿಯ ಭಾರ ಹೊರುವ ರಬ್ಬರಿನ ಗಾಳಿಚೀಲಕ್ಕೆ ಸೋಪಿನ ನೀರು ಹಚ್ಚಿದರು. ಗುಳ್ಳೆಗಳೆದ್ದವು. ರಬ್ಬರು ಮಡಿಕೆಯಲ್ಲಿ ಬಿರಿದಿತ್ತು.

ಕ್ಷಮೆ ಕೇಳಲು ಸಂಜೀವನ ಮನೆಗೆ ಹೋದೆ. "ನಿಮ್ಮ ಮ್ಯಾಲ ಸಿಟ್ಟಿಲ್ರೀ. ಅಷ್ಟು ಮಂದಿ ಮುಂದ ಅಂದಾರಲ್ಲ" ಎಂದ.

ಸೋಮವಾರ ಹತ್ತಕ್ಕೆ ಇಬ್ಬರೂ ಬರುತ್ತೇವೆ. ಗಾಡಿ ವಾಲಿದ್ದು ಯಾವುದರಿಂದ ಎಂದು ಗಿರಾಕಿಗಳೆದುರೇ ಹೇಳಿ.

ಡಾ. ಶಶಿಕಲಾ, ದೇವದುರ್ಗ