ಅರ್ಧ ಸುತ್ತು

ತಮ್ಮಾ ಮಂಜ,

ಎಂದಿನಂತೆ ಆಶೀರ್ವಾದ ಅಂತ ಶುರುಮಾಡಲು ಹೋದೆ. ಈಗ ಯಾರು ಯಾರಿಗೆ ಮಾಡಬೇಕೋ...

ಮೊನ್ನೆ ಮಧ್ಯಾಹ್ನ ಶಿಕಾರಿಪುರದ ನಮ್ಮ ಗ್ಯಾರೇಜಿನ ಮುಂದೆ ಒಂದು ವಿದೇಶಿ ಕಾರು ನಿಂತಿತ್ತು. ಸೀಟಿನಲ್ಲಿ ಯಾರೂ ಇಲ್ಲ, ಎಂಜಿನ್ ಮಾತ್ರ ನಡೆಯುತ್ತಿತ್ತು. ಸದ್ದು ಕುಗ್ಗಿತು, ಇನ್ನೇನು ಆಫ್ ಆಯಿತು ಅನ್ನುವಾಗ ತಾನೇ ಏರಿತು. ನನ್ನನ್ನು ಹೊರಗೆ ಕರೆಯಲು ನೀನು ಆಕ್ಸಿಲರೇಟರ್ ತುಳಿಯುತ್ತಿದ್ದೆಯಲ್ಲ, ಥೇಟ್ ಹಾಗೇ. "ಬಂದೆ ತಡಿಯೋ" ಎಂದುಬಿಟ್ಟೆ.

"ಯಾರಿಗ್ರೀ ಹೇಳ್ತೀರಿ ಮೇಸ್ತ್ರಿ?" ಚಹಾ ಕುಡಿದು ಬಂದ ಅದರ ಡ್ರೈವರ್ ನಕ್ಕ. "ದೆವ್ವ ಅಲ್ರೀ. ಎ.ಸಿ. ಹಾಕಿಟ್ಟು ಹೋಗಿದ್ದೆ. ಎಂಜಿನ್ನಿಗೆ ಭಾರ ಬಿದ್ರ ಅದೇ ಏರಿಸ್ಕೊಳ್ತೈತಿ." ಬಾನೆಟ್ ಎತ್ತಿಸಿದೆ. ಆಕ್ಸಿಲರೇಟರಿನ ಕೇಬಲ್ಲೇ ಇಲ್ಲ! ಕಾರಿನ ಪುಸ್ತಕ ಇಸಿದುಕೊಂಡು ಅಕ್ಷರ ಕೂಡಿಸಿ ಓದಿದೆ. ಕಂಪ್ಯೂಟರ್ ಎಂಜಿನ್ನಿನ ಸುತ್ತು ನೋಡುತ್ತಲೇ ಇರುತ್ತದಂತೆ. ಕಡಿಮೆಯಾದರೆ ಪುಟ್ಟ ಮೋಟಾರು ಗಾಳಿಯ ಬಾಗಿಲನ್ನು ಕೂದಲೆಳೆಯಷ್ಟು ತೆರೆಯುತ್ತದೆ, ಹೆಚ್ಚಾದರೆ ಮುಚ್ಚುತ್ತದೆ. ನಿಂತಲ್ಲಿ ಆಡುವ ಐಡ್ಲಿಂಗ್ ಏರಿಸಿ ಇಳಿಸಲು ತಿರುಗಿಸುವ ಸ್ಕ್ರೂ ಇಲ್ಲ. ಮೇಸ್ತ್ರಿಯ ಕೈಗೆ ಬಿಟ್ಟೇ ಇಲ್ಲ, ಮಂಜ.

ಆ ಕೊನೆಯ ಬೆಳಿಗ್ಗೆ ನೀನು ಟ್ಯಾಕ್ಸಿ ತಂದು ನಿಲ್ಲಿಸಿದ್ದೆ. "ಐಡ್ಲಿಂಗ್ ಇಳ್ಸಣ್ಣ, ನಿಂತಲ್ಲೇ ಪೆಟ್ರೋಲ್ ಕುಡೀತೈತಿ."

"ಇನ್ನೂ ಇಳಿಸಿದ್ರ ತಿರುವಿನಾಗ ಆಫ್ ಆಕ್ಕೈತೋ."

"ನಿನ್ ಕೈಯಾಗ ಪಳಗಿದ ಗಾಡಿ ಆಫ್ ಆಗೋದುಂಟಾ?" ಎಂದು ಉಬ್ಬಿಸಿದೆ ನೀನು. ನಾನೂ ಉಬ್ಬಿಹೋದೆ. ಸ್ಕ್ರೂ ಅರ್ಧ ಸುತ್ತು ಇಳಿಸಿದೆ. ಕುಪ್ಪಗಡ್ಡೆ ಹತ್ತಿರದ ತಿರುವಿನಲ್ಲಿ ಎಂಜಿನ್ ನಿಂತಿತಂತೆ. ನೀನು ಇಳಿದು ಬಾನೆಟ್ ಎತ್ತಿದೆಯಂತೆ. ಎದುರಿಂದ ಲಾರಿ... ಪೆಟ್ರೋಲ್ ಮುಗಿದಿತ್ತೇನೋ ಅಂದರು ಜನ. ನಾನು ಹೌದೆಂದು ತಲೆಯಾಡಿಸಿದೆ. ಅದು ಗೊತ್ತೇ ನಿನಗೆ?

ಅಂದಿನಿಂದ ಯಾರ ಗಾಡಿ ಬಂದರೂ ಐಡ್ಲಿಂಗ್ ಅರ್ಧ ಸುತ್ತು ಹೆಚ್ಚೇ ಇಡುತ್ತೇನೆ. "ಮೇಸ್ತ್ರಿ ಕಿವಿ ಮಂದ ಆಗ್ಯಾವು" ಎನ್ನುತ್ತಾರೆ. ಅನ್ನಲಿ. ಆ ಲಾರಿಯ ಹಾರನ್ ಮಾತ್ರ, ನಾನು ಕೇಳದೇ ಇದ್ದದ್ದು, ದಿನಾ ಕೇಳುತ್ತದೆ.

ಹೋದ ತಿಂಗಳೂ ಸೊರಬಕ್ಕೆ ಹೋಗಿದ್ದೆ, ನಿನ್ನ ಹೆಂಡತಿ ಮನೆಗೆ ಅಕ್ಕಿ ಇಳಿಸಲು. "ಒಳಗೆ ಬನ್ನಿ ಭಾವ, ಕಾಪಿ ಕುಡ್ಕಂಡು ಹೋಗಿ" ಎಂದಳು ಗಿರಿಜೆ. "ಗಾಡಿ ಸ್ಟಾರ್ಟಲ್ಲೇ ಐತವ್ವ" ಎಂದೆ. ನೀನು ಹೋದಾಗಿನಿಂದ ಅವಳ ಹೊಸ್ತಿಲು ದಾಟಿಲ್ಲ. ಪ್ರತಿ ಸಲವೂ ಎಂಜಿನ್ ಆಡಿಸಿಟ್ಟೇ ಇಳಿಯುತ್ತೇನೆ.

ನಾಳೆ ಮತ್ತೆ ಹೊರಟಿದ್ದೇನೆ. ಅವಳ ಬಾಗಿಲಲ್ಲಿ ಎಂಜಿನ್ ಆಫ್ ಮಾಡುತ್ತೇನೆ, ಕೀ ಜೇಬಿಗೆ ಹಾಕಿಕೊಳ್ಳುತ್ತೇನೆ. ಒಳಗೆ ಕೂತು ಆ ಅರ್ಧ ಸುತ್ತಿನ ವಿಷಯ ಹೇಳುತ್ತೇನೆ. ಆಮೇಲೂ ಕಾಪಿ ಕೊಟ್ಟಾಳೇ?

ನಿನ್ನ ಅಣ್ಣ