ಬೋಳು ಹಣೆ

ಜೂನ್ 3, ಸೋಮವಾರ

ಪಾರ್ಸೆಲ್ ಬಂತು. ಕೆಲಸದ ಫ್ರೇಮ್ ಅಂಗಡಿ ಅಡ್ರೆಸ್‌ಗೇ ತರಿಸಿದ್ದು. ನಾನು ಕೊಂಡ ಚಿತ್ರಗಳಲ್ಲಿ ಮೂರನೆಯವಳು. ಜಪಾನಿನ ಹೆಂಗಸು, ಮರದ ಅಚ್ಚಿನಲ್ಲಿ ಒತ್ತಿದ ಹಳೇ ಚಿತ್ರ. ಕತ್ತು ವಾರೆ ಮಾಡಿ ತುರುಬಿಗೆ ಬಾಚಣಿಗೆ ಸಿಕ್ಕಿಸುತ್ತಾ ಇದ್ದಾಳೆ. ತೋಳಿನ ಮೇಲೆ ಹುಳು ತಿಂದ ತೂತು. ತೂತು ಇರುವವೇ ನನ್ನ ಕೈಗೆ ಎಟುಕೋದು. ಮುಖಕ್ಕೆ ಬಣ್ಣ ಹಚ್ಚೇ ಇಲ್ಲ — ಬರೀ ಕಾಗದವೇ ಚರ್ಮ. ಅದನ್ನೇ ನೋಡುತ್ತಾ ಕೂತಿದ್ದೆ.

ಗೆಳೆಯ ಸಿದ್ಧಾರ್ಥ ಬಂದ. "ಮಗಾ, ನಿಜವಾದ ಹುಡುಗಿ ಸಿಗ್ಲಿಲ್ಲ ಅಂತ ಪೇಪರ್ ಹುಡುಗೀನಾ?"

"ಹೌದು" ಅಂದೆ. ಅವನ ನಗು ನಿಂತೇಹೋಯಿತು.

ಓನರ್ ಕಾಂತರಾಜಣ್ಣ ಮೊಳೆ ಹೊಡೆಯುತ್ತಾ, "ಬಸವೇಶ್ವರನಗರದಲ್ಲಿ ಸತ್ತೋರಿಗೆಲ್ಲ ಫ್ರೇಮ್ ಹಾಕಿದೀಯ. ನಿಮ್ಮಮ್ಮನ ಫೋಟೋ ಯಾವಾಗ ತರ್ತೀಯೋ?"

ಅವ್ವ ಹೋಗಿದ್ದು ಫೆಬ್ರವರಿಯಲ್ಲಿ. ಚಿತ್ರ ಮತ್ತೆ ಸುತ್ತಿಟ್ಟೆ.

ಜೂನ್ 9, ಭಾನುವಾರ

ಚಿತ್ರ ಮನೆ ಗೋಡೆಗೆ ಹಾಕಿದೆ, ಬಿಸಿಲು ಬೀಳದ ಕಡೆ. ಬೆಳಕು ತಾಗಿದರೆ ನೀಲಿ ಸಾಯುತ್ತೆ. ಗ್ಲಾಸ್ ಇನ್ನೂ ಇಲ್ಲ. ಒಳ್ಳೇದು ಬರಬೇಕು.

ಅಜ್ಜಿ ಹತ್ತಿರ ಹೋಗಿ ನಿಂತಳು. ಕಣ್ಣು ಮಂಜು. ಈಚೆಗೆ ನೆನಪೂ.

"ದಾನವ್ವ ಬಂದ್ಳೇನು?"

ದಾನವ್ವ ಅವಳ ಮಗಳು. ನನ್ನ ಅವ್ವ.

"ಅವ್ವ ಅಲ್ಲ ಅಜ್ಜಿ. ಜಪಾನಿನವಳು. ಅವ್ವ ಸತ್ತುಹೋದಳು."

ಆಗಷ್ಟೇ ಕೇಳಿದ ಹಾಗೆ ಎದೆ ಬಡಿದುಕೊಂಡು ಅತ್ತಳು. ಮೇಲಿನ ಮನೆ ಆಂಟಿ ಇಳಿದು ಬಂದರು.

ಜೂನ್ 10

ಮತ್ತೆ ಕೇಳಿದಳು. ಹೇಳಿದೆ. ಅತ್ತಳು.

ಆಂಟಿ ಬೈದರು. "ಹೂಂ ಅಂದ್ಬಿಟ್ರೆ ನಿನ್ ಗಂಟೇನೋ ಹೋಗುತ್ತೆ?"

ಸುಳ್ಳು ಹೇಳಲ್ಲ. ಸ್ಕೂಲ್ ಬಿಟ್ಟಿದ್ದೂ ಇದಕ್ಕೇ. ಮಾಡದ ತಪ್ಪು ಒಪ್ಪಿಕೊಂಡು ಸೈನ್ ಹಾಕು ಅಂದರು. ಹಾಕಲಿಲ್ಲ.

ಜೂನ್ 27, ಗುರುವಾರ

ಮೊನ್ನೆ ಚಿತ್ರ ತೆಗೆದಿಟ್ಟೆ. ಅಜ್ಜಿ ಖಾಲಿ ಮೊಳೆ ನೋಡುತ್ತಾ ಊಟ ಬಿಟ್ಟಳು. ಇವತ್ತು ಮತ್ತೆ ಹಾಕಿದೆ.

ಈಗ ಹೊಸ ದುಃಖ. "ಹಣಿ ಯಾಕ ಬೋಳ ಐತಿ? ಅಳಿಯ ಸತ್ತನೇನೋ? ನನಗ್ಯಾಕ ಯಾರೂ ಹೇಳಲಿಲ್ಲ?"

"ಅಪ್ಪ ಸತ್ತಿಲ್ಲ. ಕೆಂಗೇರಿಯಲ್ಲಿ ಇನ್ನೊಬ್ಬಳ ಜೊತೆ ಚೆನ್ನಾಗೇ ಇದ್ದಾನೆ."

ಅದೂ ನಿಜ. ಅದಕ್ಕೂ ಅತ್ತಳು.

ಜುಲೈ 14, ಭಾನುವಾರ, ಸಂಜೆ

ಗ್ಲಾಸ್ ತಂದೆ. ಪೇಪರಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು.

ಚಿತ್ರದವಳ ಹಣೆ ನಡುವೆ ಕುಂಕುಮ. ಅಜ್ಜಿ ಎಣ್ಣೆ ಬೆರಳಲ್ಲಿ ಒತ್ತಿದ್ದಾಳೆ. ಕಾಗದ ಹೀರಿಕೊಂಡಿದೆ. ಒರೆಸಿದರೆ ಮುಖವೇ ಹೋಗುತ್ತೆ. ನೋಡುತ್ತಿದ್ದ ಹಾಗೇ ಎಣ್ಣೆ ಹುಬ್ಬಿನ ಕಡೆ ಹರಡುತ್ತಿತ್ತು.

ಕೂಗಬೇಕು ಅನ್ನಿಸಿತು. ಅಜ್ಜಿ ಬೆರಳು ಇನ್ನೂ ಕೆಂಪಗಿತ್ತು.

"ಈಗ ಚಂದ ಕಾಣ್ತಾಳ ನೋಡು."

ನೋಡಿದೆ. "ಹೂಂ. ಚಂದ ಕಾಣ್ತಾಳೆ." ಅಲ್ಲಿವರೆಗೆ ನಿಜ.

"ಉಂಡ್ಳೇನು?"

ಗ್ಲಾಸ್ ಗೋಡೆಗೆ ಒರಗಿಸಿದೆ. ಕೈ ಒರೆಸಿಕೊಂಡೆ...

ಉಂಡಳು ಅಂದೆ.

"ಏನು ಉಂಡ್ಳು?"

ಇದಕ್ಕೇ ಹೆದರಿದ್ದು. ಒಂದು ಹೇಳಿದರೆ ಇನ್ನೊಂದು ಹೇಳಬೇಕು.

"ರೊಟ್ಟಿ, ಝುಣಕ."

ಅಜ್ಜಿ ನಕ್ಕಳು. ಎಷ್ಟು ದಿನ ಆಗಿತ್ತು.

ಝುಣಕಕ್ಕೆ ಅವ್ವ ಬೆಳ್ಳುಳ್ಳಿ ಜಾಸ್ತಿ ಹಾಕುತ್ತಿದ್ದಳು. ತಳ ಹತ್ತಿದ್ದನ್ನು ಕೆರೆದು ನನಗೇ ಎತ್ತಿಡುತ್ತಿದ್ದಳು. ಬಿಸಿ ಬಾಣಲೆ ಸೆರಗಲ್ಲಿ ಹಿಡಿದು, ಇತ್ತ ತಿರುಗಿ, ಕತ್ತು ವಾರೆ ಮಾಡಿ ಕರೆಯುತ್ತಿದ್ದಳು.