ಮುಂದಿನ ಎಡಗಾಲಿ

ತಂಗಡಗಿ
ತಾ. 11-9-1974, ಬುಧವಾರ

ಪ್ರೀತಿಯ ಮಗ ಸಿದ್ದರಾಯ,

ನಿನ್ನಪ್ಪನ ಆಶೀರ್ವಾದ. ಮೈಯಲ್ಲಿ ಹುಷಾರಿದ್ದೀಯಾ? ಪಠಾಣಕೋಟದ ನೀರು ಹೊಟ್ಟೆಗೆ ಒಗ್ಗುತ್ತಿಲ್ಲ ಎಂದು ಬರೆದಿದ್ದೆ, ಈಗ ಹೇಗೆ? ಬರೀ ಚಪಾತಿ ತಿಂದು ಬೇಸತ್ತೆ ಎಂದದ್ದಕ್ಕೆ ನಿನ್ನ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ. ಆ ಕಡೆ ಹೊರಟ ಫೌಜಿನವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬರೆದೆ ಎಂದುಕೋ.

ನಿನ್ನ ಹೆಂಡತಿ ರೇಣವ್ವ ಎರಡು ಹೊತ್ತು ಉಣ್ಣುತ್ತಾಳೆ, ಕಾಲು ಸ್ವಲ್ಪ ಬಾತಿವೆ. ಹೋದ ವಾರ ಮುದ್ದೇಬಿಹಾಳದ ಡಾಕ್ಟರಬಾಯಿಗೆ ತೋರಿಸಿದೆ. ಕೂಸು ಅಡ್ಡ ಮಲಗಿದೆಯಂತೆ. ಇನ್ನೂ ನಾಲ್ಕು ವಾರವಿದೆ, ಆದರೆ ಬೇನೆ ಶುರುವಾದ ಕೂಡಲೇ ದವಾಖಾನೆಗೆ ತರಬೇಕು, ಒಂದು ತಾಸು ತಡವಾದರೂ ಇಬ್ಬರಿಗೂ ಗಂಡಾಂತರ ಎಂದರು. ಊರಿನ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ ಹುಲಿಗೆವ್ವ ಕೂಡ ಹೊಟ್ಟೆ ಮುಟ್ಟಿ ನೋಡಿ, "ಯಣ್ಣಾ, ಇದು ನನ್ನ ಕೈಲೆ ಆಗೂದಲ್ಲ" ಎಂದು ಎದ್ದು ಹೋದಳು. ಚೊಚ್ಚಲ ಹೆರಿಗೆ ತವರಿನ ಹಕ್ಕು. ಏಳನೇ ತಿಂಗಳಲ್ಲೇ ಸಿಂದಗಿಯಿಂದ ಅವಳ ಅಣ್ಣ ಕರೆಯಲು ಬಂದಿದ್ದ. ಮನೆಯ ಮುಂದೆ ಜೀಪು ನಿಂತಿರುವಾಗ ಚಿಂತೆ ಯಾಕೆ ಎಂದು ಮೀಸೆ ತಿರುವಿ ಅವನನ್ನು ವಾಪಸು ಕಳಿಸಿದವನು ನಾನು. ಆ ಮಾತು ಈಗ ಎದೆಯಲ್ಲಿ ಮುಳ್ಳಾಗಿ ಮುರಿದಿದೆ.

ಜೀಪಿನ ವಿಷಯಕ್ಕೆ ಬರುತ್ತೇನೆ, ಸಿಟ್ಟು ಮಾಡಬೇಡ. ದವಾಖಾನೆಯಿಂದ ಬರುವಾಗ ಮುಂದಿನ ಎಡಗಾಲಿ ಗರಗರ ಅನ್ನುತ್ತಿತ್ತು. ಬೇರಿಂಗು ಹೋಗಿದೆ ಎಂದು ಗೊತ್ತಾಯಿತು. ಮಿಸ್ತ್ರಿಯ ಹತ್ತಿರ ಒಯ್ಯಬಹುದಿತ್ತು. ಆದರೆ ಮಿಲಿಟರಿ ಹರಾಜಿನಲ್ಲಿ ಈ ಜೀಪು ಕೊಡಿಸಿದಾಗ ನೀನು ಗಾಲಿ ಬಿಚ್ಚಿ ಹಾಕುವುದನ್ನು ನೋಡಿದ್ದೆನಲ್ಲ, ಅದೇನು ಬ್ರಹ್ಮವಿದ್ಯೆಯೇ ಎನಿಸಿತು. ಹೊಸ ಬೇರಿಂಗು ತಂದು, ಕಲ್ಲಿನ ಮೇಲೆ ಜೀಪು ಎತ್ತಿ ನಿಲ್ಲಿಸಿ, ನಾನೇ ಕೂಡಿಸಿದೆ. ಗರಗರ ನಿಂತಿತು. ಇಡೀ ದಿನ ಓಣಿಯ ತುಂಬ ಹೇಳಿಕೊಂಡು ತಿರುಗಿದೆ. ಇರಲಾರದೆ ಇರುವೆ ಬಿಟ್ಟುಕೊಂಡೆ ಎಂದು ತಿಳಿದದ್ದು ಮರುದಿನ.

ಬ್ರೇಕು ತುಳಿದರೆ ಜೀಪು ಬಲಕ್ಕೆ ಎಳೆಯುತ್ತಿತ್ತು. ಮೆಲ್ಲಗೆ ತುಳಿದರೆ ಸ್ವಲ್ಪ, ಜೋರಾಗಿ ತುಳಿದರೆ ಸ್ಟೇರಿಂಗು ಕೈಯಿಂದ ಕಿತ್ತುಕೊಂಡು ಹೋಗುವಷ್ಟು. ಪೆಡಲು ಕೆಳಗಿಳಿದರೆ ಒಳಗೆ ಗಾಳಿ ಸೇರಿದೆ, ಎಣ್ಣೆ ಕಡಿಮೆಯಾದರೆ ಎಲ್ಲೋ ಸೋರಿದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಪೆಡಲು ಕಲ್ಲಿನ ಹಾಗೆ ಗಟ್ಟಿ. ಎಣ್ಣೆ ಒಂದು ಹನಿ ಕಡಿಮೆ ಇಲ್ಲ. ಎರಡೂ ಟೈರಿನ ಗಾಳಿ ನೋಡಿದೆ, ಸಮ ಇತ್ತು. ಎಡಗಾಲಿಯ ಬ್ರೇಕನ್ನು ಬಿಗಿ ಮಾಡಿದೆ. ಅರ್ಧ ದಿನ ಸುಮ್ಮನಿದ್ದು ಮತ್ತೆ ಅದೇ ಚಾಳಿ.

ಮನಗೂಳಿಯ ಲಾರಿ ಡ್ರೈವರ ನಬಿಸಾಬ ಮೊನ್ನೆ ಇಲ್ಲಿ ಅಕ್ಕನ ಮನೆಗೆ ಬಂದಿದ್ದ. ಕೈ ಹಿಡಿದು ಕರೆತಂದೆ. ಅವನು ನಟ್ಟು ಬಿಚ್ಚುವ ಪಾನಾ ಕೂಡ ಮುಟ್ಟಲಿಲ್ಲ. ನಾಲ್ಕು ಸಲ ಓಡಿಸಿ ನಿಲ್ಲಿಸಿ, ಕೆಳಗಿಳಿದು ಎರಡೂ ಗಾಲಿಯ ಡ್ರಮ್ಮಿನ ಹತ್ತಿರ ಅಂಗೈ ಹಿಡಿದ. "ಕಾಕಾ, ಬಲಗಾಲಿ ಕಾದ ಹಂಚ ಆಗೈತಿ, ಎಡಗಾಲಿ ತಣ್ಣಗ ಕುಂತೈತಿ. ಒಂದ ಎತ್ತು ಜಗ್ಗಾಕತ್ತೈತಿ ನೋಡ್ರಿ" ಎಂದ. ಬಿಚ್ಚಿದೆವು. ಡ್ರಮ್ಮಿನೊಳಗೆಲ್ಲ ಗ್ರೀಸು. ಉಜ್ಜಿ ಗಾಲಿ ನಿಲ್ಲಿಸುವ ಬ್ರೇಕಿನ ಲೈನಿಂಗು ಅದರಲ್ಲಿ ನೆನೆದು ಕೂತಿತ್ತು.

ಮಗನೇ, ನಲವತ್ತು ವರ್ಷ ಗಾಡಿ ಹೊಡೆದ ಕೈ ಇದು. ಅಚ್ಚಿಗೆ ಕೀಲೆಣ್ಣೆ ಸುರಿದಷ್ಟೂ ಎತ್ತಿಗೆ ಹಗುರ ಎಂದು ನನ್ನಪ್ಪನಿಂದ ಕಲಿತ ಕೈ. ಹಾಗೇ ಇಲ್ಲಿಯೂ ಹಿಡಿಹಿಡಿ ಗ್ರೀಸು ತುಂಬಿ, ಉಳಿದದ್ದನ್ನೂ ಯಾಕೆ ಬಿಡಬೇಕೆಂದು ಒತ್ತಿದ್ದೆ. "ಇದು ಗಾಡಿ ಗಾಲಿ ಅಲ್ರಿ ಕಾಕಾ. ಇಲ್ಲಿ ಹೆಚ್ಚಾತಂದ್ರ ಬ್ರೇಕಿಗೆ ಹೋಗಿ ಕುಂಡ್ರತೈತಿ" ಎಂದ ನಬಿಸಾಬ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ನನ್ನ ಪಾಲಿಗೆ ಗ್ರೀಸೇ ಉಳಿಯಿತು.

ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟೆವು. ನಿನ್ನೆ ಹಾಕಿ ನೋಡಿದರೆ ಮತ್ತೆ ಎಳೆಯಿತು. ಗ್ರೀಸು ತಡೆಯುವ ಸೀಲನ್ನೂ ನಾನು ಉಳಿಯಿಂದ ಬಡಿದು ಕೂಡಿಸುವಾಗ ಹರಿದಿದ್ದೇನೆ. ಹೊಸ ಲೈನಿಂಗು, ಸೀಲು ಬಿಜಾಪುರದಿಂದಲೇ ಬರಬೇಕು. ನಬಿಸಾಬ ತರಲು ಒಪ್ಪಿ ಹೋಗಿದ್ದಾನೆ, ಯಾವಾಗ ಬರುತ್ತಾನೋ. ಮಳೆಗೆ ರಸ್ತೆ ಕಿತ್ತು ಬಸ್ಸು ನಿಂತು ಆರು ದಿನವಾಯಿತು. ಈ ಕರಿಮಣ್ಣಿನ ಕೆಸರಿನಲ್ಲಿ ಗಾಡಿ ಕಟ್ಟಿದರೆ ಅರ್ಧ ದಿನ ಬೇಕು. ಜೀಪೇ ಗತಿ. ಮುದ್ದೇಬಿಹಾಳದ ದಾರಿಯ ಆ ಹಳ್ಳದ ಇಳುಕಲು ನಿನಗೆ ಗೊತ್ತಲ್ಲ, ಬಲಕ್ಕೆ ಕಟ್ಟೆಯಿಲ್ಲ, ಬರೀ ಕೊರಕಲು. ಜೀಪು ಎಳೆಯುವುದೂ ಬಲಕ್ಕೇ.

ಈ ವಿಷಯ ನಿನ್ನ ಅವ್ವನಿಗೂ ಹೇಳಿಲ್ಲ. ನಿನ್ನೆ ರೇಣವ್ವ ಹಿತ್ತಲಲ್ಲಿ ಪಕ್ಕದ ಮನೆಯವಳಿಗೆ, "ನಮ್ಮ ಮಾವಾರು ಅದಾರ, ಜೀಪ ಐತಿ, ನನಗೇನ ಅಂಜಿಕಿ" ಎನ್ನುತ್ತಿದ್ದಳು. ಕೇಳಿ ದನದ ಕೊಟ್ಟಿಗೆಗೆ ಹೋಗಿ ಅತ್ತೆ. ನನಗೆ ಅಂಜಿಕೆಯಾಗಿದೆ, ಸಿದ್ದರಾಯ. ನೆನೆದ ಲೈನಿಂಗು ಸುಟ್ಟರೆ ಒಣಗುತ್ತದೆಯೇ? ಸೀಲಿನ ತುಟಿ ಯಾವ ಕಡೆ ಮುಖ ಮಾಡಿರಬೇಕು? ಕಾಗದ ಕಂಡ ಕೂಡಲೇ ತಾರು ಹಾಕು, ಹೆಡ್ಡ ಮುದುಕ ಎಂದು ಬೈದಾದರೂ ಹಾಕು.

ನಿನ್ನ ಅವ್ವನ ಆಶೀರ್ವಾದ. ರೇಣವ್ವನ ನಮಸ್ಕಾರ. ಚಳಿ ಶುರುವಾಗುವ ಮೊದಲೇ ಎದೆ ಮುಚ್ಚಿಕೊಂಡು ಮಲಗು.

ಇಂತಿ ನಿನ್ನಪ್ಪ
ಗುರಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ನಿನ್ನ ಅವ್ವ ಕೂಗಿದಳು. ರೇಣವ್ವನಿಗೆ ಬೇನೆ ಬಂದಿದೆ, ದಿನ ತುಂಬುವ ಮೊದಲೇ. ಹುಲಿಗೆವ್ವ ನೋಡಿ ಈಗಲೇ ಹೊರಡಿರಿ ಎಂದಳು. ನಬಿಸಾಬ ಬಂದಿಲ್ಲ. ಬ್ರೇಕಿನ ಸಂಗತಿ ಈಗ ನಿನ್ನ ಅವ್ವನಿಗೆ ಹೇಳಿದೆ, ಅವಳು ಜೀಪಿನಲ್ಲಿ ಕೌದಿ ಹಾಸಿದಳು. ಇಳುಕಲನ್ನು ಮೊದಲನೇ ಗೇರಿನಲ್ಲೇ ಇಳಿಸುತ್ತೇನೆ, ಬ್ರೇಕಿಗೆ ಕಾಲಿಡುವುದಿಲ್ಲ. ಕಾಗದ ಜೇಬಿನಲ್ಲಿಟ್ಟುಕೊಂಡಿದ್ದೇನೆ, ಮುದ್ದೇಬಿಹಾಳದ ಟಪಾಲು ಡಬ್ಬಿಗೆ ನಾನೇ ಹಾಕುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ ನಾವು ದವಾಖಾನೆ ಮುಟ್ಟಿದೆವು ಎಂದು ತಿಳಿ.